ಮಗಳಿಗೊಂದು ಪತ್ರ: ಹುಳದ ಮನೆಯಿಂದ

ಶಿಡ್ಲಘಟ್ಟ

ಪುಟ್ಟಿ,

ರೇಷ್ಮೆ ಹುಳು ನಾಲ್ಕನೇ ಸಲ ಪೊರೆ ಬಿಟ್ಟು ಜ್ವರ ಎದ್ದು ನಾಲ್ಕು ದಿನ ಆಯ್ತು. ಈಗ ಎಷ್ಟು ಸೊಪ್ಪು ಹಾಕಿದರೂ ಸಾಲದು, ನಿನಗೆ ಗೊತ್ತಲ್ಲ. ನಿನ್ನೆ ರಾತ್ರಿ ಕೊನೆಯ ಸೊಪ್ಪು ಹಾಕಿ, ಲೈಟ್ ಆರಿಸಿ, ಬಾಗಿಲ ಹತ್ತಿರ ಸುಮ್ನೆ ನಿಂತೆ. ಸಾವಿರಾರು ಹುಳು ಎಲೆ ಕಚ್ಚುವ ಸದ್ದು. ಸೋನೆ ಮಳೆ ಹಿಡಿದ ಹಾಗೆ. ಚಿಕ್ಕವಳಿದ್ದಾಗ ನೀನು ಅದನ್ನು ಕೇಳುತ್ತಾ ತಟ್ಟೆಗಳ ಪಕ್ಕದಲ್ಲೇ ನಿದ್ದೆ ಹೋಗುತ್ತಿದ್ದೆ.

ಯುಗಾದಿಗೆ ಬಂದಾಗ ನೀನು ಮಾಡಿದ ಸಂಗೀತ ಕೇಳಿಸಿದೆಯಲ್ಲ, ನಲವತ್ತು ನಿಮಿಷದ್ದು? "ಹಾಡು ಯಾವಾಗ ಶುರುವಾಗುತ್ತೆ?" ಅಂತ ನಾನು ಕೇಳಿಬಿಟ್ಟೆ. ನಿನ್ನ ಮುಖ ಸಣ್ಣದಾಯ್ತು. ಆ ಮಾತು ನಾನು ಆಡಬಾರದಿತ್ತು ಕಣಮ್ಮ.

ನಿನ್ನೆ ಅದನ್ನೇ ಮೊಬೈಲಿನಲ್ಲಿ ಸಣ್ಣಗೆ ಹಾಕಿಕೊಂಡು ಅಲ್ಲೇ ಕೂತೆ. ಹುಳುಗಳ ಸದ್ದಿನ ಜೊತೆ ಬೆರೆತುಹೋಯ್ತು. ನೀನು ಅವತ್ತು ಹೇಳಿದ್ದು ಆಗ ತಿಳಿಯಿತು. 1978ರಲ್ಲಿ ಬ್ರಿಟನ್ನಿನ ಸಂಗೀತಗಾರ ಬ್ರಯಾನ್ ಈನೋ ವಿಮಾನ ನಿಲ್ದಾಣಕ್ಕೆಂದು ಸಂಗೀತ ಮಾಡಿದಾಗ ಒಂದು ಸ್ವರ 23.5 ಸೆಕೆಂಡಿಗೊಮ್ಮೆ, ಇನ್ನೊಂದು ಸುಮಾರು 26 ಸೆಕೆಂಡಿಗೊಮ್ಮೆ ತಿರುಗಿ ಬರುವಂತೆ ಟೇಪುಗಳನ್ನು ಸುತ್ತಲು ಬಿಟ್ಟರು ಅಂದಿದ್ದೆ. ಅಳತೆ ಬೇರೆ ಬೇರೆ, ಹಾಗಾಗಿ ಸ್ವರಗಳು ಪ್ರತಿಸಲ ಬೇರೆ ಥರ ಕೂಡುತ್ತವೆ. ನಮ್ಮ ಹುಳುಗಳೂ ಹಾಗೇ ಅಲ್ವಾ? ಒಂದು ಹುಳು ಇನ್ನೊಂದರ ಲೆಕ್ಕಕ್ಕೆ ತಿನ್ನುವುದಿಲ್ಲ. ಮೂವತ್ತು ವರ್ಷ ಈ ಸದ್ದಿನೊಳಗೇ ಇದ್ದವನು ನಾನು. ಕಿವಿಗೊಟ್ಟು ಕೇಳಿದ್ದು ನಿನ್ನೆಯೇ.

ಇನ್ನೊಂದು ಮಾತು. ಬೆಂಗಳೂರಲ್ಲಿ ಮಕ್ಕಳಿಗೆ ಕೀಬೋರ್ಡ್ ಹೇಳಿಕೊಟ್ಟು ಬಾಡಿಗೆ ಕಟ್ಟುವುದನ್ನು ನೀನು ಚಿಕ್ಕಪ್ಪನ ಮುಂದೆ ಮುಚ್ಚಿಟ್ಟೆ. ಯಾಕಮ್ಮ? ಅಮೆರಿಕದ ಸಂಗೀತ ಸಂಯೋಜಕ ಫಿಲಿಪ್ ಗ್ಲಾಸ್ ಕಥೆ ಹೇಳಿದವಳು ನೀನೇ. ಪ್ಯಾರಿಸಿನಲ್ಲಿ ರವಿಶಂಕರ್ ಅವರ ಸಂಗೀತಕ್ಕೆ ಸ್ವರ ಬರೆದುಕೊಡುತ್ತಾ ತಾಳದ ಲೆಕ್ಕ ಹಿಡಿದವರು. 1976ರಲ್ಲಿ ನ್ಯೂಯಾರ್ಕಿನ ಮೆಟ್ರೊಪಾಲಿಟನ್ ಒಪೆರಾ ಹೌಸ್ ಅವರ ಒಪೆರಾಗೆ, ಅಂದರೆ ಹಾಡಿನ ನಾಟಕಕ್ಕೆ, ತುಂಬಿ ಹೋಗಿತ್ತು. ಆಮೇಲೂ ಟ್ಯಾಕ್ಸಿ ಓಡಿಸಿದರು. ಅದಕ್ಕೂ ಮುಂಚೆ ಕೊಳಾಯಿ ಕೆಲಸ ಮಾಡಿದ್ದರು. ಸಂಗೀತದಿಂದಲೇ ಹೊಟ್ಟೆ ತುಂಬುವಾಗ ವಯಸ್ಸು 41. ಗೂಡಿನ ರೇಟು ಬಿದ್ದ ವರ್ಷ ನಾನು ಡೈರಿಗೆ ಹಾಲು ಹಾಕಿ ಮನೆ ನಡೆಸಿದೆ. ಆಗ ಯಾರಾದರೂ ನನ್ನನ್ನು ರೇಷ್ಮೆಯವನಲ್ಲ ಅಂದರಾ?

ಮೂರು ದಿನದಲ್ಲಿ ಹುಳು ಹಣ್ಣಾಗುತ್ತೆ. ಗೂಡು ಕಟ್ಟಲು ಚಂದ್ರಿಕೆಗೆ ಬಿಟ್ಟ ಮೇಲೆ ಈ ಸದ್ದು ಇರುವುದಿಲ್ಲ. ಅಷ್ಟರೊಳಗೆ ಮೈಕು, ರೆಕಾರ್ಡರ್ ತಗೊಂಡು ಬಂದುಬಿಡು. ರಾತ್ರಿ ಸೊಪ್ಪು ಹಾಕಿದ ಮೇಲೆ ಹನ್ನೊಂದರ ಹೊತ್ತಿಗೆ ರಸ್ತೆಯಲ್ಲಿ ಗಾಡಿಗಳೂ ಕಮ್ಮಿ. ಸೆಂಟು ಮಾತ್ರ ಹಾಕಿಕೊಂಡು ಬರಬೇಡ, ಹುಳುಗಳಿಗೆ ಆಗುವುದಿಲ್ಲ.

ಇಂತಿ,
ಅಪ್ಪ