ಭಾನುವಾರದ ಇಂಗ್ಲಿಷ್ ಅಭ್ಯಾಸಕ್ಕೆ: ಖಾಸಗಿತನದ ನುಡಿಗಟ್ಟುಗಳು

ಡೊಂಬಿವಲಿ, ಥಾಣೆ, ಮಾಟುಂಗಾದ ಎಲ್ಲ ಗೆಳೆಯರಿಗೆ ನಮಸ್ಕಾರ.

ಈ ಭಾನುವಾರದ ಕಾಲ್‌ನಲ್ಲಿ ಖಾಸಗಿತನದ ಬಗೆಗಿನ ಇಂಗ್ಲಿಷ್ ನುಡಿಗಟ್ಟುಗಳನ್ನು ಕಲಿಯೋಣ. ‘ಕೀಪ್ ಇಟ್ ಅಂಡರ್ ಯುವರ್ ಹ್ಯಾಟ್’ ಅಂದರೆ ಯಾರಿಗೂ ಹೇಳಬೇಡ ಅಂತ. ‘ವಾಲ್ಸ್ ಹ್ಯಾವ್ ಇಯರ್ಸ್’ ನಮಗೆ ಗೊತ್ತಿರುವುದೇ, ಗೋಡೆಗೂ ಕಿವಿ ಇರುತ್ತೆ. ‘ಮೈಂಡ್ ಯುವರ್ ಓನ್ ಬಿಸಿನೆಸ್’, ಅಂದರೆ ನಿನ್ನ ಕೆಲಸ ನೀನು ನೋಡ್ಕೋ ಅನ್ನೋದು ಮಾತ್ರ ಆಫೀಸಿನಲ್ಲಿ ಬೇಡವೇ ಬೇಡ, ತುಂಬಾ ಒರಟು. ಅದರ ಬದಲು ‘ಐಡ್ ರಾದರ್ ನಾಟ್ ಸೇ’ (ಅದನ್ನು ಹೇಳದಿರುವುದೇ ಒಳ್ಳೆಯದು ಅನಿಸುತ್ತೆ) ಎಂದು ಹೇಳಿದರೆ ಸಾಕು.

ನನಗೆ ಜಾಸ್ತಿ ಇಷ್ಟವಾದದ್ದು ‘ಆ್ಯನ್ ಇಂಗ್ಲಿಷ್‌ಮ್ಯಾನ್ಸ್ ಹೋಮ್ ಈಸ್ ಹಿಸ್ ಕಾಸಲ್’. ಇದು ಸುಮ್ನೆ ಗಾದೆಯಲ್ಲ. 1604ರಲ್ಲಿ ಇಂಗ್ಲೆಂಡಿನ ಸೆಮೇನ್ ಕೇಸಿನಲ್ಲಿ, ಪ್ರತಿಯೊಬ್ಬನಿಗೂ ಅವನ ಮನೆಯೇ ಕೋಟೆ ಎಂಬ ಮಾತು ಬಂತು. ಅದನ್ನು ದಾಖಲಿಸಿದವರು ಅಲ್ಲಿನ ಕಾನೂನು ಪಂಡಿತ ಎಡ್ವರ್ಡ್ ಕೋಕ್. ರಾಜನ ಅಧಿಕಾರಿಯೂ ಬಾಗಿಲು ಒಡೆಯುವ ಮುಂಚೆ ಬಂದ ಕಾರಣ ತಿಳಿಸಿ, ತೆರೆಯಲು ಕೇಳಬೇಕು ಎಂದು ಕೋರ್ಟ್ ಹೇಳಿತು. ನಮ್ಮಲ್ಲಿ 2017ರಲ್ಲಿ ಸುಪ್ರೀಂ ಕೋರ್ಟಿನ 9 ನ್ಯಾಯಮೂರ್ತಿಗಳು ಒಮ್ಮತದಿಂದ ಖಾಸಗಿತನ ಮೂಲಭೂತ ಹಕ್ಕು ಎಂದರು. ಆ ಕೇಸ್ ಹಾಕಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ. ಹೆಮ್ಮೆ ಆಗುತ್ತೆ, ಅಲ್ವಾ?

ಒಂದು ವಿನಂತಿ. ಉದಾಹರಣೆ ಕೊಡುವಾಗ ಪಕ್ಕದ ಮನೆಯವರ ಹೆಸರು, ಫ್ಲ್ಯಾಟ್ ನಂಬರ್ ಬೇಡ. ಕಾಲ್ ರೆಕಾರ್ಡ್ ಮಾಡಬೇಡಿ. ಕೆಲವರು ಇಂಗ್ಲಿಷ್ ಮಾತಾಡಲು ಈಗಷ್ಟೇ ಧೈರ್ಯ ಮಾಡುತ್ತಿದ್ದಾರೆ, ಅವರ ತಪ್ಪು ಹೊರಗೆ ಹೋಗಬಾರದು.

ಪ್ರತಿಯೊಬ್ಬರೂ ಒಂದು ನುಡಿಗಟ್ಟು ಬಳಸಿ ಎರಡು ಸಾಲು ಬರೆದು, ಶನಿವಾರ ರಾತ್ರಿಯೊಳಗೆ ಇಲ್ಲೇ ಹಾಕಿ.