ಕೃಷ್ಣೆಯ ದಡದಿಂದ ಹೋದ ನೀಲಿ ಹರಳು

ಪ್ರೀತಿಯ ಅವ್ವ, ಅಪ್ಪ,

ನಿಮ್ಮ ಮಗಳ ನಮಸ್ಕಾರಗಳು. ನಾನಿಲ್ಲಿ ಆರಾಮಾಗಿದ್ದೇನೆ. ಅಪ್ಪನ ಮೊಣಕಾಲು ನೋವು ಈಗ ಹೇಗಿದೆ? ಎಣ್ಣೆ ಹಚ್ಚಿ ಶಾಖ ಕೊಡುವುದನ್ನು ಬಿಡಬೇಡಿ.

ಅವ್ವ, ವಾಷಿಂಗ್ಟನ್ನಿಗೆ ನೀಲಿ ವಜ್ರ ನೋಡಲು ಹೋಗುತ್ತೇನೆ ಅಂದಾಗ ನೀನು ಫೋನಿನಲ್ಲಿ ಗಾಬರಿಯಾದೆಯಲ್ಲ, "ನೀಲ ಎಲ್ಲರಿಗೂ ಆಗಿಬರಲ್ಲ, ದೂರದಿಂದ ನೋಡು" ಅಂತ. ನೋಡಿ ಬಂದೆ. ಏನೂ ಆಗಿಲ್ಲ. ಆದರೆ ಮನಸ್ಸು ಮಾತ್ರ ಅಲ್ಲೇ ಉಳಿದುಬಿಟ್ಟಿದೆ. ಫೋನಿನಲ್ಲಿ ಹೇಳಿ ಮುಗಿಯುವ ಮಾತಲ್ಲ. ಅಪ್ಪನಿಗೂ ಕಾಗದ ಅಂದರೆ ಇಷ್ಟ ಅಂತ ಬರೆಯುತ್ತಿದ್ದೇನೆ.

ಅದರ ಹೆಸರು ಹೋಪ್ ಡೈಮಂಡ್. ಸ್ಮಿತ್ಸೋನಿಯನ್ ಸಂಸ್ಥೆಯ ಮ್ಯೂಸಿಯಂನಲ್ಲಿದೆ. ಒಳಗೆ ಹೋಗಲು ಟಿಕೆಟ್ ಇಲ್ಲ. ಗಾಜಿನ ಪೆಟ್ಟಿಗೆಯಲ್ಲಿ ನಿಧಾನಕ್ಕೆ ತಿರುಗುತ್ತಾ ಇರುತ್ತದೆ. ತೂಕ 45.52 ಕ್ಯಾರೆಟ್, ಅಂದರೆ ಒಂದು ತೊಲಕ್ಕಿಂತ ಕಡಿಮೆ. ಅಗಲ ಒಂದು ಅಡಿಕೆಯಷ್ಟು. ಸುತ್ತ ಹದಿನಾರು ಬಿಳಿ ವಜ್ರ. ಬಣ್ಣ ಮಾತ್ರ ಹೇಗೆ ಹೇಳಲಿ, ಮಳೆ ಬರುವ ಮುಂಚೆ ಸಂಜೆ ಹೊತ್ತು ನಮ್ಮ ಹಿನ್ನೀರು ಕಾಣುತ್ತದಲ್ಲ, ಆ ಥರದ ನೀಲಿ. ಬೋರಾನ್ ಅನ್ನೋ ಧಾತು ಒಂದಿಷ್ಟೇ ಇಷ್ಟು ಸೇರಿರುವುದರಿಂದ ಆ ಬಣ್ಣವಂತೆ. ಅತಿನೇರಳೆ ಬೆಳಕು ಹಾಯಿಸಿ ದೀಪ ಆರಿಸಿದರೆ ಕತ್ತಲಲ್ಲಿ ಸ್ವಲ್ಪ ಹೊತ್ತು ಕೆಂಡದ ಹಾಗೆ ಕೆಂಪಗೆ ಹೊಳೆಯುತ್ತದೆ.

ಈ ಹರಳು ಹುಟ್ಟಿದ್ದು ಎಲ್ಲಿ ಗೊತ್ತಾ? ಕೃಷ್ಣಾ ನದಿಯ ದಡದಲ್ಲಿ. ಈಗಿನ ಆಂಧ್ರದ ಕೊಲ್ಲೂರು ಗಣಿಯದು ಅಂತ ಬಲ್ಲವರು ಹೇಳುತ್ತಾರೆ. ನಮ್ಮ ಮೂಕಾಂಬಿಕೆಯ ಕೊಲ್ಲೂರು ಅಲ್ಲ ಅವ್ವ, ಇದು ಬೇರೆ, ಆಗ ಗೋಲ್ಕೊಂಡದ ಸುಲ್ತಾನರ ಕೈಯಲ್ಲಿತ್ತು. ನಮ್ಮ ಆಲಮಟ್ಟಿ ದಾಟಿ ಹೋದ ನೀರೇ ಮುಂದೆ ಆ ಊರಿನ ಪಕ್ಕ ಹರಿಯುವುದು. ಇದನ್ನು ಓದಿದಾಗ ಗಾಜಿನ ಮುಂದೆ ನಿಂತು ನನಗೆ ಕಣ್ಣು ತುಂಬಿತು. ಅಕ್ಕಪಕ್ಕದವರು ಫೋಟೋ ತೆಗೆದುಕೊಂಡು ಮುಂದೆ ಹೋಗುತ್ತಿದ್ದರು. ನಾನು ಅಲ್ಲೇ ನಿಂತಿದ್ದೆ.

ಫ್ರಾನ್ಸಿನ ಟವರ್ನಿಯೆ ಎಂಬ ವ್ಯಾಪಾರಿ ಇದನ್ನು ನಮ್ಮ ಕಡೆಯಿಂದ ಕೊಂಡು ಹೋದ. ಆಗ ಸುಮಾರು 115 ಕ್ಯಾರೆಟ್ ಇತ್ತು. 1668ರಲ್ಲಿ ಹದಿನಾಲ್ಕನೇ ಲೂಯಿ ದೊರೆಗೆ ಮಾರಿದ. ದೊರೆ ಅದನ್ನು ಹೊಸದಾಗಿ ಕತ್ತರಿಸಿ ಸುಮಾರು 69 ಕ್ಯಾರೆಟ್‌ಗೆ ಇಳಿಸಿದ. ಅವನ ಮರಿಮಗ ಹದಿನೈದನೇ ಲೂಯಿ 1749ರಲ್ಲಿ ಅದನ್ನು ಒಂದು ದೊಡ್ಡ ಪದಕದಲ್ಲಿ ಕೂರಿಸಿದ. ಅದೇ ಪದಕದಲ್ಲಿ ಡ್ರ್ಯಾಗನ್ ಆಕಾರಕ್ಕೆ ಕೆತ್ತಿದ ಕೆಂಪು ಹರಳೂ ಇತ್ತು. ಆಮೇಲೆ ಕ್ರಾಂತಿ. 1792ರ ಸೆಪ್ಟೆಂಬರಿನಲ್ಲಿ ಅರಮನೆಯ ಒಡವೆ ಇಟ್ಟಿದ್ದ ಕಟ್ಟಡಕ್ಕೆ ಕಳ್ಳರು ನುಗ್ಗಿದರು. ಒಂದು ರಾತ್ರಿ ಅಲ್ಲ, ಹಲವು ರಾತ್ರಿ! ನೀಲಿ ವಜ್ರ ಮಾಯವಾಯಿತು.

ಸರಿಯಾಗಿ ಇಪ್ಪತ್ತು ವರ್ಷ ತುಂಬಿದಾಗ, 1812ರಲ್ಲಿ, ಲಂಡನ್ನಿನ ಒಬ್ಬ ವಜ್ರದ ವ್ಯಾಪಾರಿಯ ಹತ್ತಿರ ಇನ್ನೂ ಚಿಕ್ಕದಾದ ನೀಲಿ ಹರಳು ಕಾಣಿಸಿಕೊಂಡಿತು. ಗುರುತು ಸಿಗದಿರಲಿ ಅಂತ ಮತ್ತೆ ಕತ್ತರಿಸಿದ್ದರು. ಎರಡೂ ಒಂದೇ ಅಂತ ಜನ ಊಹಿಸುತ್ತಿದ್ದರು, ಸಾಕ್ಷಿ ಇರಲಿಲ್ಲ. 2007ರಲ್ಲಿ ಪ್ಯಾರಿಸ್ಸಿನ ಮ್ಯೂಸಿಯಂನಲ್ಲಿ ಹಳೆಯ ಸೀಸದ ಅಚ್ಚು ಸಿಕ್ಕಿತು, ದೊರೆಯ ವಜ್ರದ ಅಚ್ಚು. ಈಗಿನ ಹರಳು ದೊರೆಯ ಆ ವಜ್ರದಿಂದಲೇ ಕತ್ತರಿಸಿದ್ದು ಅಂತ ಆಗ ಖಾತ್ರಿಯಾಯಿತು. ಆ ಸೀಸದ ತುಂಡಿನ ಬಗ್ಗೆ ನನಗೆ ವಜ್ರದಷ್ಟೇ ಪ್ರೀತಿ. ಎಷ್ಟೋ ವರ್ಷ ಸುಮ್ನೆ ಕಪಾಟಿನಲ್ಲಿದ್ದು ನಿಜ ಹೇಳಿತಲ್ವಾ.

ಇನ್ನು ಶಾಪದ ಮಾತು. ದೇವರ ವಿಗ್ರಹದ ಕಣ್ಣಿನಿಂದ ಕದ್ದದ್ದು, ಕದ್ದವನನ್ನು ನಾಯಿಗಳು ಹರಿದು ತಿಂದವು ಅಂತ ಕಥೆ ಕಟ್ಟಿದ್ದಾರೆ. ಟವರ್ನಿಯೆ ಎಂಬತ್ತು ದಾಟುವ ತನಕ ಬದುಕಿದ್ದ. 1689ರಲ್ಲಿ ಮಾಸ್ಕೋದಲ್ಲಿ ತೀರಿಕೊಂಡ. ಕಾರ್ಟಿಯೆ ಅನ್ನೋ ಒಡವೆಯವನು 1911ರಲ್ಲಿ ಎವಲಿನ್ ಮೆಕ್ಲೀನ್ ಎಂಬ ಶ್ರೀಮಂತ ಹೆಂಗಸಿಗೆ ಇದನ್ನು ಮಾರಿದ. ಮಾರುವಾಗ ಈ ಶಾಪದ ಕಥೆಗಳನ್ನೂ ಹೇಳಿದ್ದ. ಆಮೇಲೆ ಆಕೆಯ ಒಂಬತ್ತು ವರ್ಷದ ಮಗ ಕಾರು ಬಡಿದು ಸತ್ತ. ಜನ ವಜ್ರಕ್ಕೆ ಬೆರಳು ತೋರಿಸಿದರು. ಮಗು ಕಳೆದುಕೊಂಡ ತಾಯಿಯ ದುಃಖವನ್ನು ಒಂದು ಕಲ್ಲಿನ ಕಥೆ ಮಾಡಿಕೊಂಡರಲ್ಲ, ಅದು ನನಗೆ ಸಹಿಸಲಿಕ್ಕೆ ಆಗಲಿಲ್ಲ ಅವ್ವ.

ಅಪ್ಪ, ಇದು ನಿಮಗೆ. ಕೊನೆಗೆ ಇದನ್ನು ಕೊಂಡ ನ್ಯೂಯಾರ್ಕಿನ ಹ್ಯಾರಿ ವಿನ್‌ಸ್ಟನ್ 1958ರಲ್ಲಿ ಮ್ಯೂಸಿಯಂಗೆ ದಾನ ಕೊಟ್ಟ. ಹೇಗೆ ಕಳಿಸಿದ ಗೊತ್ತಾ? ರಿಜಿಸ್ಟರ್ಡ್ ಪೋಸ್ಟ್‌ನಲ್ಲಿ! ಕಂದು ಕಾಗದ ಸುತ್ತಿದ ಪಾರ್ಸಲ್. ಅಂಚೆ ಖರ್ಚು 2.44 ಡಾಲರ್, ವಿಮೆ ಸೇರಿ 145.29 ಡಾಲರ್. ಪೊಲೀಸರಲ್ಲ, ಪೋಸ್ಟ್‌ಮ್ಯಾನ್ ತಂದು ಕೊಟ್ಟ. ಆ ಕಾಗದವನ್ನೂ ಎಸೆಯದೆ ಇಲ್ಲಿಯ ಅಂಚೆ ಮ್ಯೂಸಿಯಂನಲ್ಲಿ ಜೋಪಾನ ಮಾಡಿದ್ದಾರೆ. ಮೂವತ್ತು ವರ್ಷ ಟಪಾಲು ಹಂಚಿದವರು ನೀವು, ಇದನ್ನು ಗೆಳೆಯರಿಗೆಲ್ಲ ಹೇಳಿ.

ಅದೇ ಹಾಲ್‌ನಲ್ಲಿ ನೆಪೋಲಿಯನ್ ತನ್ನ ಹೆಂಡತಿಗೆ ಮಗ ಹುಟ್ಟಿದಾಗ ಕೊಟ್ಟ 234 ವಜ್ರದ ಹಾರವಿದೆ. ಆಕೆಯದೇ ಒಂದು ಕಿರೀಟವೂ ಇದೆ. ಅದರಲ್ಲಿದ್ದ 79 ಪಚ್ಚೆಗಳನ್ನು ಯಾವುದೋ ಕಾಲಕ್ಕೆ ಕಿತ್ತು ಬಿಡಿಬಿಡಿಯಾಗಿ ಮಾರಿ, ಆ ಜಾಗದಲ್ಲಿ ಬರೀ ಹಸಿರುನೀಲಿಯ ಟರ್ಕಾಯ್ಸ್ ಕಲ್ಲು ಕೂರಿಸಿದ್ದಾರೆ. ನೋಡಿ ಬೇಸರವಾಯಿತು, ಜಾಸ್ತಿ ಹೊತ್ತು ನಿಲ್ಲಲಿಲ್ಲ.

ಮನೆಗೆ ಬಂದು ಟವರ್ನಿಯೆ ಗಣಿಗಳ ಬಗ್ಗೆ ಬರೆದದ್ದನ್ನು ಹುಡುಕಿ ಓದಿದೆ. ಕೊಲ್ಲೂರಿನಲ್ಲಿ ಹೆಚ್ಚುಕಡಿಮೆ 60,000 ಜನ ದುಡಿಯುತ್ತಿದ್ದರಂತೆ. ಗಂಡಸರು ಅಗೆಯುವುದು, ಹೆಂಗಸರು ಮಕ್ಕಳು ಮಣ್ಣು ಹೊರುವುದು. ಮಣ್ಣು ತೊಳೆದು, ಬಿಸಿಲಿಗೆ ಒಣಗಿಸಿ, ನಾವು ಜೋಳ ತೂರುವ ಹಾಗೆ ತೂರಿ, ಉಳಿದದ್ದರಲ್ಲಿ ಕೈಯಾಡಿಸಿ ಹರಳು ಹುಡುಕಬೇಕು. ಅವನು ನೋಡಿದ ಇನ್ನೊಂದು ಗಣಿ ನಮ್ಮ ವಿಜಯಪುರದ ಆದಿಲ್‌ಶಾಹಿಗೆ ಸೇರಿತ್ತು. ಅಲ್ಲಿ ಕೂಲಿ ವರ್ಷಕ್ಕೆ ಬರೀ ಮೂರು ವರಹ. ದೊಡ್ಡ ಹರಳು ಸಿಕ್ಕಿ ಧಣಿಗೆ ಕೊಟ್ಟರೆ ತಲೆಗೆ ಸುತ್ತಲು ಒಂದು ರುಮಾಲಿನ ಬಟ್ಟೆ, ಜೊತೆಗೆ ಅರ್ಧ ವರಹ, ಇಲ್ಲವೇ ಅಕ್ಕಿ ಮತ್ತು ಒಂದು ತಟ್ಟೆ ಸಕ್ಕರೆ. ಅಷ್ಟೇ. ವಜ್ರ ಮಾರಿದ ಟವರ್ನಿಯೆಯನ್ನು ದೊರೆ ಕುಲೀನರ ಸಾಲಿಗೆ ಸೇರಿಸಿದ. ಈ ನೀಲಿ ಹರಳನ್ನು ಮಣ್ಣಿನಿಂದ ಮೊದಲು ಎತ್ತಿದ ಕೈ ಯಾರದೋ. ಕೊಂಡವರು, ತೊಟ್ಟವರು, ಮಾರಿದವರ ಹೆಸರೆಲ್ಲ ಗೋಡೆಯ ಮೇಲಿದೆ. ಆ ಕೈಯ ಹೆಸರಿಲ್ಲ.

ಕೊಲ್ಲೂರಿನ ಜಾಗವೂ ಈಗ ಪುಲಿಚಿಂತಲ ಅಣೆಕಟ್ಟಿನ ಹಿನ್ನೀರಿಗೆ ಸೇರಿದೆ. ನಮ್ಮ ಹೊಲದ ಹಾಗೆ. ಅಜ್ಜ ಮುಳುಗಿದ ಹೊಲದ ಕಡೆ ನೋಡುತ್ತಾ ದಂಡೆಯ ಮೇಲೆ ಕೂರುತ್ತಿದ್ದದ್ದು ನೆನಪಾಯಿತು.

ಅವ್ವ, ಅಜ್ಜನ ರುಮಾಲು ಇನ್ನೂ ಕಬ್ಬಿಣದ ಟ್ರಂಕಿನಲ್ಲೇ ಇದೆಯಲ್ವಾ? ಮಳೆ ಮುಗಿದ ಮೇಲೆ ಒಂದು ದಿನ ಬಿಸಿಲಿಗೆ ಹಾಕು. ಬೇವಿನ ಎಲೆ ಇಟ್ಟು ಮಡಚಿಡು. ಯಾರಿಗೂ ಕೊಡಬೇಡ, ನಾನು ಬಂದಾಗ ತೆಗೆದುಕೊಳ್ಳುತ್ತೇನೆ.

ಇಂತಿ ನಿಮ್ಮ ಪ್ರೀತಿಯ ಮಗಳು