ಈ ಭಾನುವಾರ ಹಾರ್ಡನ್‌ಬರ್ಗರ್ ಟ್ರಂಪೆಟ್

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ ಎಲ್ಲರೂ ಸೇರಿ ಕೇಳಲಿರುವುದು ಸ್ವೀಡನ್ನಿನ ಹೋಕನ್ ಹಾರ್ಡನ್‌ಬರ್ಗರ್ ಅವರ ಟ್ರಂಪೆಟ್. 1961ರಲ್ಲಿ ಮಾಲ್ಮೊದಲ್ಲಿ ಹುಟ್ಟಿದವರು. ಎಂಟನೇ ವಯಸ್ಸಿಗೇ ಕಲಿಯಲು ಶುರು ಮಾಡಿದರು, ಮುಂದೆ ಪ್ಯಾರಿಸ್ಸಿನಲ್ಲಿ ಓದಿದರು.

ಸೋಲೊ ನುಡಿಸುವ ಟ್ರಂಪೆಟ್ ವಾದಕರಿಗೆ ಒಂದು ಹಳೇ ತಾಪತ್ರಯ ಇದೆ. ಪಿಯಾನೊ, ಪಿಟೀಲಿನವರಿಗೆ ಇರುವಷ್ಟು ಕೃತಿಗಳು ಇವರಿಗಿಲ್ಲ. ಸಂಯೋಜಕರಾದ ಹೈಡನ್ 1796ರಲ್ಲಿ ಬರೆದದ್ದು, ಹುಮ್ಮೆಲ್ 1803ರಲ್ಲಿ ಬರೆದದ್ದು, ಮತ್ತೆ ಮತ್ತೆ ಅವೇ ಕಾನ್ಸರ್ಟೊಗಳು (ವಾದ್ಯವೃಂದದ ಜೊತೆ ಒಬ್ಬರೇ ಮುಖ್ಯವಾಗಿ ನುಡಿಸುವ ಕೃತಿಗಳು). ಫ್ರಾನ್ಸಿನ ಟ್ರಂಪೆಟ್ ವಾದಕ ಮೋರಿಸ್ ಆಂಡ್ರೆ ಅವರು ಓಬೊ (ಶಹನಾಯಿಯಂಥ ಊದುವ ವಾದ್ಯ), ಪಿಟೀಲಿನ ಕೃತಿಗಳನ್ನೇ ಪುಟ್ಟ ಪಿಕೊಲೊ ಟ್ರಂಪೆಟ್ಟಿಗೆ ಒಗ್ಗಿಸಿಕೊಂಡರು. ಹಾರ್ಡನ್‌ಬರ್ಗರ್ ಹಿಡಿದದ್ದು ಬೇರೆ ದಾರಿ. ತಮ್ಮ ಕಾಲದ ಸಂಯೋಜಕರಿಂದ ಹೊಸದಾಗಿ ಬರೆಸಿದರು. ಬರ್ಟ್‌ವಿಸಲ್, ಹೆಂಜೆ, ಟರ್ನೇಜ್, ಗ್ರೂಬರ್ ಹೀಗೆ ಪಟ್ಟಿ ಉದ್ದ ಇದೆ. ನನ್ನ ಪ್ರಕಾರ ಆ ವಾದ್ಯಕ್ಕೆ ಆದ ದೊಡ್ಡ ಉಪಕಾರ ಇದೇ.

ನಾವು ಮುಖ್ಯವಾಗಿ ಕೇಳುವುದು ಗ್ರೂಬರ್ ಅವರ 'ಏರಿಯಲ್'. 1999ರಲ್ಲಿ ಲಂಡನ್ನಿನ ಪ್ರಾಮ್ಸ್ ಸಂಗೀತೋತ್ಸವದಲ್ಲಿ ಇದನ್ನು ಮೊದಲು ನುಡಿಸಿದವರು ಹಾರ್ಡನ್‌ಬರ್ಗರ್ ಅವರೇ. ಇದರಲ್ಲಿ ಊದುತ್ತಲೇ ಗಂಟಲಿನಲ್ಲಿ ಹಾಡಬೇಕು. ಒಂದೇ ಕೊಳವೆಯಿಂದ ಎರಡು ಸ್ವರ ಹೊರಬರುತ್ತವೆ, ಒಂದಕ್ಕೊಂದು ತಿಕ್ಕಾಡುತ್ತವೆ. ನಡುವೆ ಟ್ರಂಪೆಟ್ ಬದಿಗಿಟ್ಟು ಹಸುವಿನ ಕೊಂಬು ಊದುವುದೂ ಉಂಟು! ಮೊದಲ ಸಲ ಕೇಳಿದರೆ 'ಇದೇನಪ್ಪಾ' ಅನ್ನಿಸಬಹುದು, ಪರವಾಗಿಲ್ಲ, ಐದು ನಿಮಿಷ ತಾಳಿ.

ಮೊದಲು ಹೈಡನ್ ಕೇಳಿ ಆಮೇಲೆ ಇದಕ್ಕೆ ಬರೋಣ. ಆಗ ವ್ಯತ್ಯಾಸ ಚೆನ್ನಾಗಿ ಗೊತ್ತಾಗುತ್ತದೆ, ಅಲ್ವಾ? ಫೋನಿನ ಸ್ಪೀಕರ್ ಸಾಲದು, ಇಯರ್‌ಫೋನ್ ಇಟ್ಟುಕೊಳ್ಳಿ. ಬರ್ಟ್‌ವಿಸಲ್ ಮುಂದಿನ ವಾರಕ್ಕಿರಲಿ, ಒಂದೇ ದಿನಕ್ಕೆ ಜಾಸ್ತಿಯಾಗುತ್ತದೆ. ಸೇರುವವರು ಶನಿವಾರದೊಳಗೆ ಇಲ್ಲೇ ತಿಳಿಸಿ.